ತಾಮ್ರದ ಹೊಟ್ಟೆ, ಬೂದಿ ರೆಕ್ಕೆ

ಅರ್ಜಿಯೊಂದರಲ್ಲಿ ಮೂರು ಖಾಲಿ ಗೆರೆ ಬಿಟ್ಟರೆ ಸಾಕು, ಒಂದು ಮರ್ಯಾದಸ್ಥ ಮನೆತನಕ್ಕೆ ಬೇರೆ ಶತ್ರು ಬೇಡ. ಇದನ್ನು ನಾನು ಕಣ್ಣಾರೆ ಕಂಡವನು. ಆ ಅರ್ಜಿ ಅಚ್ಚಾದದ್ದು ನನ್ನ ಅಂಗಡಿಯಲ್ಲೇ. ಕುಶಾಲನಗರದಿಂದ ಒಳಗೆ ಏಳು ಕಿಲೋಮೀಟರ್ ಬಂದರೆ ನಮ್ಮ ಮಾವಿನಗೊಂದಿ. ಅಲ್ಲಿನ ಸಹಕಾರ ಸಂಘದ ಕಟ್ಟಡಕ್ಕೆ ಎದುರಾಗಿ ಪ್ರಸಾದ್ ಝೆರಾಕ್ಸ್. ಪ್ರಸಾದ್ ಅಂದರೆ ನಾನೇ.

ಹೋದ ವರ್ಷ ಸಂಘಕ್ಕೆ ಎಪ್ಪತ್ತೈದು ತುಂಬಿತು. ಅಧ್ಯಕ್ಷ ದೀಕ್ಷಿತ್ ಹಳೆಯ ಕೃಷಿ ಸಲಕರಣೆಗಳ ಪ್ರದರ್ಶನ ಇಡುವುದಾಗಿ ಸಾರಿದರು. ಯಾರ ಮನೆಯ ಯಂತ್ರ ಎಲ್ಲಕ್ಕಿಂತ ಹಳೆಯದೋ ಆ ಮನೆಯ ಹಿರಿಯರ ಫೋಟೋ ಸಂಘದ ಕ್ಯಾಲೆಂಡರಿನಲ್ಲಿ. ಕಾರ್ಯದರ್ಶಿ ರಂಜಿತಾ ಅರ್ಜಿ ತಯಾರಿಸಿದಳು: ಮಾಡೆಲ್, ತಯಾರಾದ ಇಸವಿ, ಮೂಲ ಬಣ್ಣ. ಮುಂದೆ ಗೆರೆ.

ಮೊದಲ ಅರ್ಜಿ ಕೊಂಡವನು ಪುಟ್ಟರಾಜು. ಐವತ್ತೆಂಟು ವರ್ಷದ ಈ ಮನುಷ್ಯ ಶುಂಠಿ ಬೆಳೆಯುತ್ತಾನೆ, ಯಾರ ತಂಟೆಗೂ ಹೋಗುವುದಿಲ್ಲ. ಒಂದೇ ತೊಂದರೆಯೆಂದರೆ ಮಾತು ಶುರು ಮಾಡಿದ ಮೇಲೆ ಎಲ್ಲಿಗೆ ಹೊರಟಿದ್ದೆ ಎಂಬುದನ್ನು ಅರ್ಧ ದಾರಿಯಲ್ಲೇ ಮರೆಯುತ್ತಾನೆ. ಅವನ ಅಪ್ಪ ಮರುಳಸಿದ್ದಪ್ಪನವರು ಅರಕಲಗೂಡು ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು, ಹತ್ತೊಂಬತ್ತು ವರ್ಷ ಸಂಘದ ಅಧ್ಯಕ್ಷರಾಗಿದ್ದವರು. ಸಂಘದ ಗೋಡೆಯ ಮೇಲೆ ಅವರ ಫೋಟೋಕ್ಕೆ ಇವತ್ತಿಗೂ ದಿನಾ ಊದುಬತ್ತಿ. ಊರಿಗೆ ಮೊದಲ ಸ್ವಂತ ಟ್ರ್ಯಾಕ್ಟರ್ ತಂದವರು ಅವರೇ, ಮದ್ರಾಸಿನ ಹರಾಜಿನಿಂದ ತಂದರು ಎನ್ನುವುದನ್ನು ನಾವೆಲ್ಲ ಹುಟ್ಟಿದಾಗಿನಿಂದ ಕೇಳಿದ್ದೆವು. ಅದರಲ್ಲಿ ಉಳುಮೆ ಮಾಡಿಸಿಕೊಳ್ಳದ ಮನೆ ಊರಲ್ಲಿ ಒಂದೂ ಇರಲಿಲ್ಲ. ಈಗ ಅದು ಕೊಟ್ಟಿಗೆಯ ಹಿಂದೆ ಕಲ್ಲಿನ ಮೇಲೆ ಕೂತಿತ್ತು. ನೀಲಿ ಬಣ್ಣ. ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

"ಕ್ಯಾಲೆಂಡರಿನಲ್ಲಿ ಅಪ್ಪಾಜಿ ಫೋಟೋ ಕಲರಲ್ಲಿ ಬರುತ್ತಾ ಇಲ್ಲಾ ಬ್ಲಾಕ್ ಅಂಡ್ ವೈಟಾ?" ಎಂದು ಕೇಳಿದ ಪುಟ್ಟರಾಜು.

"ಮೊದಲು ಅರ್ಜಿ ತುಂಬು ಮಾರಾಯ."

ಅಲ್ಲಿಗೆ ಅವನ ನೆಮ್ಮದಿ ಹೋಯಿತು.

ಮಾಹಿತಿಗಾಗಿ ಅವನು ಮೊದಲು ಹೋದದ್ದು ತಾಯಿಯ ಹತ್ತಿರ. ಕಾಮಾಕ್ಷಮ್ಮನವರಿಗೆ ಎಂಬತ್ತನಾಲ್ಕು. ಕಿವಿ ಚುರುಕು, ಆದರೆ ಬೇಡದ ಪ್ರಶ್ನೆಗೆ ಮಾತ್ರ ಕೇಳಿಸುವುದಿಲ್ಲ.

"ಅವ್ವ, ಟ್ರ್ಯಾಕ್ಟರ್ ಬಂದಾಗ ಯಾವ ಬಣ್ಣ ಇತ್ತು?"

"ಟ್ರ್ಯಾಕ್ಟರ್ ಬಣ್ಣನೇ ಇತ್ತು."

"ಯಾವ ಇಸವಿ?"

"ನೀನು ಹುಟ್ಟಿದ ಮೇಲೆ."

"ಅದು ಗೊತ್ತು ಅವ್ವ, ನಾನು ನೋಡಿದೀನಲ್ಲ. ಆಗ ಸಣ್ಣವನು, ಬಣ್ಣ ನೆನಪಿಲ್ಲ."

"ನೋಡಿದ ಮೇಲೆ ನನ್ನನ್ನ ಯಾಕೆ ಕೇಳ್ತೀಯ? ನೀಲಿ ಅಂತ ಬರೆದು ಕೊಡು, ಹೋಗು. ಕೋಳಿಗೆ ತೊಂದರೆ ಕೊಡಬೇಡ."

ಪುಟ್ಟರಾಜು ನೀಲಿ ಎಂದು ಬರೆಯುವವನೇ ಇದ್ದ. ಅಷ್ಟರಲ್ಲಿ ಕುಶಾಲನಗರದ ಮಲಯಾಳಿ ಮೆಕ್ಯಾನಿಕ್ ಜಯಪ್ರಕಾಶ್ ಬಂದು, ಮಡ್‌ಗಾರ್ಡನ್ನು ಕೀಲಿಕೈಯಿಂದ ಗೀರಿ, "ನೀಲಿ ಅಲ್ಲ ಚೇಟಾ, ಒಳಗೆ ಕೆಂಪು ಉಂಟು. ಇದು ಫರ್ಗುಸನ್ ಮೂವತ್ತೈದು. ಮಾಸ್ಸಿ ಫರ್ಗುಸನ್ ಎಲ್ಲ ಕೆಂಪೇ" ಎಂದ. ನೆರೆಮನೆಯ ನಿತೇಶ್ ಬಂದು ಬಾನೆಟ್ಟನ್ನು ರೂಪಾಯಿ ನಾಣ್ಯದಲ್ಲಿ ಗೀರಿ, "ಕೆಂಪಿನ ಕೆಳಗೆ ಇನ್ನೇನೋ ಇದೆ" ಎಂದ. ಆಮೇಲೆ ಊರಿಗೆ ಊರೇ ಬಂದು ಗೀರಿತು. ವಾರದಲ್ಲಿ ಟ್ರ್ಯಾಕ್ಟರಿಗೆ ಕಜ್ಜಿ ಹಿಡಿದಂತೆ ಕಾಣತೊಡಗಿತು. ಕೆಂಪು ಪಕ್ಷ, ನೀಲಿ ಪಕ್ಷ ಎಂದು ಊರು ಎರಡಾಗಿ, ಸಂಘದ ಕಟ್ಟೆಯ ಮೇಲೆ ಇಬ್ಬರು ಪರಸ್ಪರ ಮಾತು ಬಿಟ್ಟರು.

ಪುಟ್ಟರಾಜುವಿನ ಮಗಳು ಅನುಶ್ರೀ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವವಳು. ಅವಳು ಫೋಟೋ ತೆಗೆದು ಹಳೆಯ ಟ್ರ್ಯಾಕ್ಟರ್ ಪ್ರಿಯರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಪಂಜಾಬಿನಿಂದ ಒಬ್ಬ ಸರ್ದಾರ್ಜಿ ಕೂಡಲೇ ಕೇಳಿದರು: ಮೀಟರಿನ ಹತ್ತಿರ ನಂಬರ್ ಪ್ಲೇಟು ಇರಬೇಕು, ಅದರ ಫೋಟೋ ಕಳಿಸಿ, ಇಸವಿ ಹೇಳುತ್ತೇನೆ. ಪುಟ್ಟರಾಜು ಅರ್ಧ ದಿನ ತಿಕ್ಕಿದ. ಪ್ಲೇಟು ಇರಲಿಲ್ಲ. ಪ್ಲೇಟು ಕೂರಿಸಿದ್ದ ರಿವೆಟ್ಟಿನ ತೂತುಗಳು ಮಾತ್ರ ಇದ್ದವು, ಅಕ್ಕಪಕ್ಕದಲ್ಲಿ ಉಳಿ ಹಾಕಿ ಎಬ್ಬಿಸಿದ ಗುರುತು.

"ಹರಾಜಿನವರು ಕಿತ್ತುಕೊಂಡಿರಬೇಕು, ನೆನಪಿಗೆ" ಎಂದ ಪುಟ್ಟರಾಜು. ನಾವು ಒಪ್ಪಿದೆವು. ಮರುಳಸಿದ್ದಪ್ಪನವರ ವಿಷಯದಲ್ಲಿ ಒಪ್ಪುವುದು ನಮಗೆ ಅಭ್ಯಾಸ.

ಅನುಶ್ರೀ ಕಳಿಸಿದ ಫೋಟೋವನ್ನು ಅರ್ಜಿಗೆ ಅಂಟಿಸಲು ನಾನು ದೊಡ್ಡದಾಗಿ ಪ್ರಿಂಟ್ ತೆಗೆದು ಕೌಂಟರಿನ ಮೇಲೆ ಇಟ್ಟಿದ್ದ ದಿನ ಮಾದ ಬಂದ. ಎಪ್ಪತ್ತೆರಡು ವರ್ಷದ ಮಾದ ಕಾಲೋನಿಯಲ್ಲಿ ಹೆಂಡತಿ ಬೆಳ್ಳಮ್ಮನ ಜೊತೆ ಇರುವವನು. ಪಿಂಚಣಿಗೆ ಆಧಾರ್ ಪ್ರತಿ ಬೇಕಾಗಿತ್ತು. ಊರಲ್ಲಿ ಅವನಿಗೆ 'ಟ್ರ್ಯಾಕ್ಟರ್ ನುಂಗಿದ ಮಾದ' ಎಂದು ಹೆಸರು. ಯಾಕೆ ಎಂದು ನಮ್ಮ ವಯಸ್ಸಿನವರಿಗೆಲ್ಲ ಗೊತ್ತು. ಸಂಘದ ಮೊದಲ ಟ್ರ್ಯಾಕ್ಟರಿಗೆ ಅವನು ಡ್ರೈವರ್ ಆಗಿದ್ದ. ಶ್ರೀಮಂಗಲದ ಎಸ್ಟೇಟಿನ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಸಂಘದವರು ಕೊಂಡ ಟ್ರ್ಯಾಕ್ಟರ್ ಅದು. ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಹೊಳೆ ದಂಡೆಯ ಗದ್ದೆಯಲ್ಲಿ ನಿಲ್ಲಿಸಿ ಬಂದ, ಬೆಳಿಗ್ಗೆ ಹೊಳೆ ಉಕ್ಕಿತ್ತು, ಟ್ರ್ಯಾಕ್ಟರ್ ಇರಲಿಲ್ಲ. ಕೊಚ್ಚಿಹೋಯಿತು ಎಂದರು ಕೆಲವರು. ಪಿರಿಯಾಪಟ್ಟಣದವರಿಗೆ ಮಾರಿದ ಎಂದರು ಹಲವರು. ಸಂಘ ಅವನನ್ನು ಕೆಲಸದಿಂದ ತೆಗೆಯಿತು. ಆಮೇಲೆ ಅವನು ಹುದಿಕೇರಿ ಕಡೆಯ ಎಸ್ಟೇಟುಗಳ ಕೂಲಿ ಲೈನಿನಲ್ಲಿದ್ದು ನಲವತ್ತು ವರ್ಷ ಕಾಫಿ ಕುಯ್ದ. ಎಸ್ಟೇಟಿನ ಲೆಕ್ಕ ನೋಡುವ ಯಾವ ರೈಟರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ.

ಮಾದ ಫೋಟೋ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಇದು ಯಾರ್ದು ಪ್ರಸಾದಣ್ಣ?"

"ಪುಟ್ಟರಾಜುದು. ಒರಿಜಿನಲ್ ಬಣ್ಣ ನೀಲಿನೋ ಕೆಂಪೋ ಅಂತ ಊರೆಲ್ಲ ಹೊಡೆದಾಡ್ತಾ ಇದೆಯಲ್ಲ, ಕೇಳಿಲ್ವಾ?"

"ಎರಡೂ ಅಲ್ಲ. ಇದರ ಹೊಟ್ಟೆ ತಾಮ್ರ, ರೆಕ್ಕೆ ಬೂದಿ."

ಅಂಗಡಿಯಲ್ಲಿ ಐದಾರು ಜನ ಇದ್ದರು. ಎಲ್ಲರೂ ನಕ್ಕರು. ತಾಮ್ರದ ಟ್ರ್ಯಾಕ್ಟರ್! "ನುಂಗಿದವನಲ್ವಾ, ಒಳಗಿನ ಬಣ್ಣನೂ ಗೊತ್ತಿರುತ್ತೆ" ಎಂದ ನಿತೇಶ್. ನಾನೂ ನಕ್ಕೆ. ಮಾದ ಆಧಾರ್ ಪ್ರತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಟುಹೋದ.

ಸಂಜೆ ಸರ್ದಾರ್ಜಿಯ ಉತ್ತರ ಬಂತು. ಪ್ಲೇಟು ಇಲ್ಲದಿದ್ದರೆ ಬಣ್ಣ ನೋಡಿ. ಎಲ್ಲಕ್ಕಿಂತ ಕೆಳಗಿನ ಪದರ ಎಂಜಿನ್ನಿಗೆ ತಾಮ್ರದ ಬಣ್ಣ, ತಗಡಿಗೆ ಬೂದು ಬಣ್ಣ ಇದ್ದರೆ ಅದು ಐವತ್ತಾರು, ಐವತ್ತೇಳರದ್ದು. ಕೆಂಪು ಬಂದದ್ದು ಆಮೇಲೆ. ತಾಮ್ರದ್ದಾದರೆ ಅದೃಷ್ಟವಂತರು ನೀವು.

ಪುಟ್ಟರಾಜು ಆ ಮೆಸೇಜನ್ನು ನನಗೆ ಮೂರು ಸಲ ಓದಿ ಹೇಳಿದ. ಐವತ್ತೇಳು! ಜಿಲ್ಲೆಯಲ್ಲೇ ಇಷ್ಟು ಹಳೆಯದು ಇರಲಿಕ್ಕಿಲ್ಲ. ಕ್ಯಾಲೆಂಡರ್ ಸಾಯಲಿ, ಪೇಪರಿನಲ್ಲಿ ಬರುತ್ತದೆ. ಅನುಮಾನ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ನಿಜ ಹೇಳಬೇಕೆಂದರೆ ನನ್ನ ತಲೆಯ ಹತ್ತಿರ ಸುಳಿದಿತ್ತು. ನಾನು ಬಾಗಿಲು ತೆಗೆಯಲಿಲ್ಲ.

ಭಾನುವಾರ ಬಣ್ಣ ಕೀಳುವ ಕಾರ್ಯಕ್ರಮ. ಪುಟ್ಟರಾಜು ಅಧ್ಯಕ್ಷ ದೀಕ್ಷಿತ್ ಅವರನ್ನು, ರಂಜಿತಾಳನ್ನು ಕರೆದಿದ್ದ, ಉಪ್ಪಿಟ್ಟು ಮಾಡಿಸಿದ್ದ. ತಾಮ್ರ ಎಂದವನು ಅವನೆಂದು ಕೇಳಿ, ಸಾಕ್ಷಿ ಹೇಳಲು ಮಾದನನ್ನೂ ಕರೆಸಿದ್ದ. ಮಾದ ಆ ಅಂಗಳಕ್ಕೆ ಕಾಲಿಟ್ಟದ್ದು ಐವತ್ತು ವರ್ಷದ ಮೇಲೆ ಅದೇ ಮೊದಲು. ಕಾಮಾಕ್ಷಮ್ಮ ಬಾಗಿಲಿಗೆ ಬಂದವರು ಅವನನ್ನು ನೋಡಿ ಒಳಗೆ ಹೋಗಿ ಕದ ಹಾಕಿಕೊಂಡರು.

ಜಯಪ್ರಕಾಶ್ ಎಂಜಿನ್ನಿನ ಬದಿಗೆ ಪೇಂಟ್ ರಿಮೂವರ್ ಬಳಿದ. ನೀಲಿ ಗುಳ್ಳೆ ಎದ್ದಿತು, ಕೆಂಪು ಸುಲಿಯಿತು. ಬಟ್ಟೆಯಲ್ಲಿ ಒರೆಸಿದಾಗ ತಾಮ್ರ ಹೊಳೆಯಿತು, ಈಗ ತಾನೇ ಹುಣಸೆಹಣ್ಣು ಹಾಕಿ ತೊಳೆದ ಹಂಡೆಯ ಹಾಗೆ.

"ತಾಮ್ರ!" ಎಂದು ಪುಟ್ಟರಾಜು ಕೂಗಿದ. "ಮಾದ, ನೀನು ಹೇಳಿದ್ದೇ ನಿಜ ಕಣಯ್ಯ! ನಿನಗೆ ಹೇಗೋ ಗೊತ್ತಾಯ್ತು?"

ಮಾದ ಎಡಗಡೆಯ ಮಡ್‌ಗಾರ್ಡಿಗೆ ಬೆರಳು ತೋರಿಸಿದ. "ಬುದ್ಧಿ, ಇಲ್ಲೂ ಸ್ವಲ್ಪ ತೆಗೆಸಿ."

ಜಯಪ್ರಕಾಶ್ ಅಲ್ಲೂ ಬಳಿದ. ಬೂದು ತಗಡು ಕಂಡಿತು, ಅದರ ಮೇಲೆ ಕಪ್ಪು ಅಕ್ಷರ. ಪುಟ್ಟರಾಜು ಉತ್ಸಾಹ ತಡೆಯಲಾರದೆ ತಾನೇ ಬಟ್ಟೆ ಕಸಿದುಕೊಂಡು ಒರೆಸುತ್ತ ಜೋರಾಗಿ ಓದತೊಡಗಿದ. "ಮಾ... ವಿ... ನ... ಮಾವಿನಗೊಂದಿ! ನೋಡಿ, ನೋಡಿ! ಅಪ್ಪಾಜಿಗೆ ಊರಿನ ಮೇಲೆ ಎಂಥ ಅಭಿಮಾನ! ಮದ್ರಾಸಿನಲ್ಲೇ ಊರ ಹೆಸರು ಬರೆಸಿ ತಂದಿದ್ದಾರೆ! ವ್ಯ... ವ... ಸಾ... ಯ..."

ರಂಜಿತಾ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟಳು.

"...ಸೇವಾ ಸಹಕಾರ ಸಂಘ" ಎಂದು ಓದಿ ಮುಗಿಸಿದ ಮೇಲೂ ಪುಟ್ಟರಾಜುವಿನ ಮುಖದಲ್ಲಿ ನಗು ಇನ್ನೂ ಒಂದು ಕ್ಷಣ ಉಳಿದಿತ್ತು. ಆಮೇಲೆ ಅವನು ನಮ್ಮೆಲ್ಲರ ಮುಖ ನೋಡಿದ. ನಾವು ಯಾರೂ ಅವನ ಮುಖ ನೋಡಲಿಲ್ಲ.

"ಅಪ್ಪಾಜಿ ಸಂಘಕ್ಕೂ ಇಂಥದ್ದೇ ಒಂದು ತಂದಿದ್ದರೋ ಏನೋ" ಎಂದ. "ಎರಡು ತಂದಿರಬಹುದು. ಅವಳಿ."

"ಒಂದೇ ಬುದ್ಧಿ" ಎಂದ ಮಾದ. "ಆವತ್ತು ನಿಮ್ಮಪ್ಪಾರೇ ಹೊಳೆ ಹತ್ರ ನಿಲ್ಲಿಸು ಅಂದ್ರು. ಕೀಲಿ ಅವರ ಕೈಗೇ ಕೊಟ್ಟು ಬಂದೆ. ಸಂಘದಲ್ಲಿ ಹೇಳಿದೆ. ನೀನು ಕುಡಿದಿದ್ದೆ ಅಂದ್ರು. ನಾನು ಆಗ ಕುಡೀತಾ ಇರ್ಲಿಲ್ಲ."

ಅಂಗಳದಲ್ಲಿ ಇಪ್ಪತ್ತು ಜನರಿದ್ದರು. ಇಪ್ಪತ್ತೂ ಜನಕ್ಕೆ ಒಮ್ಮೆಗೇ ಮನೆಯಲ್ಲಿ ಕೆಲಸ ನೆನಪಾಯಿತು. ಎಲ್ಲರಿಗಿಂತ ಮೊದಲು ನೆನಪಾದದ್ದು ನೀಲಿ ಪಕ್ಷದವರಿಗೆ.

ಮರುದಿನ ದೀಕ್ಷಿತ್ ಅವರು ಪುಟ್ಟರಾಜುವನ್ನು ಸಂಘದ ಕೋಣೆಗೆ ಕರೆಸಿದರು. ಎಪ್ಪತ್ತನಾಲ್ಕರ ನಡಾವಳಿ ಪುಸ್ತಕವನ್ನು ಝೆರಾಕ್ಸಿಗೆಂದು ನನ್ನ ಅಂಗಡಿಗೆ ತಂದಿದ್ದ ರಂಜಿತಾ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ಚಾಲಕನ ಬೇಜವಾಬ್ದಾರಿಯಿಂದ ವಾಹನ ನಷ್ಟ ಎಂದು ನಿರ್ಣಯ. ಕೆಳಗೆ ಒಂಬತ್ತು ರುಜು. ಮೊದಲನೆಯದು ಮರುಳಸಿದ್ದಪ್ಪನವರದು. ಎರಡನೆಯದು ದೀಕ್ಷಿತ್ ಅವರ ಅಜ್ಜನದು. ಏಳನೆಯದು ನನ್ನ ದೊಡ್ಡಪ್ಪನದು.

ಪುಟ್ಟರಾಜು ತಲೆ ತಗ್ಗಿಸಿ, "ಟ್ರ್ಯಾಕ್ಟರ್ ವಾಪಸ್ ತಗೊಳ್ಳಿ. ಮಾದನ ತಪ್ಪಿಲ್ಲ ಅಂತ ಒಂದು ನಿರ್ಣಯ ಬರೀರಿ" ಎಂದ.

ದೀಕ್ಷಿತ್ ಪುಸ್ತಕ ಮುಚ್ಚಿದರು. "ರಾಜಣ್ಣ, ನಿಮಗೆ ಬೇಜಾರಾಗಿದೆ, ನನಗೆ ಅರ್ಥ ಆಗುತ್ತೆ. ಆದರೆ ಹಳೇ ನಿರ್ಣಯ ಬದಲಾಯಿಸಿದರೆ ಮೇಲಿನವರು ಯಾಕೆ ಅಂತ ಕೇಳ್ತಾರೆ. ವಿಚಾರಣೆ ಅಂತಾರೆ. ಎಪ್ಪತ್ತೈದನೇ ವರ್ಷದಲ್ಲಿ ಅದೆಲ್ಲ ಯಾಕೆ? ನೀವು ದಾನ ಅಂತ ಕೊಡಿ. ಸಂಘ ಸ್ವೀಕಾರ ಮಾಡುತ್ತೆ. ಎದುರಿಗೆ ಸಿಮೆಂಟ್ ಕಟ್ಟೆ ಕಟ್ಟಿ ನಿಲ್ಲಿಸೋಣ."

"ಕದ್ದದ್ದನ್ನ ದಾನ ಮಾಡೋದು ಹೇಗೆ?"

"ಬಿಳಿ ಹಾಳೆ ಮೇಲೆ ಬರೆದು ಕೊಟ್ಟರೆ ಸಾಕು" ಎಂದರು ದೀಕ್ಷಿತ್. "ಮಾದನಿಗೂ ಒಂದು ಶಾಲು ಹೊದಿಸೋಣ. ಮೊದಲ ಡ್ರೈವರ್ ಅಂತ. ಅವನೂ ಖುಷಿ."

ಪುಟ್ಟರಾಜು ಮನೆಗೆ ಹೋಗಿ ತಾಯಿಯ ಮುಂದೆ ಕೂತ. ಈ ಸಲ ಕಾಮಾಕ್ಷಮ್ಮನಿಗೆ ಕೇಳಿಸಿತು.

"ಒಂದು ಬೆಳೆ ಆಗೋವರೆಗೆ ಇಟ್ಟುಕೊಂಡು ಕೊಡ್ತೀನಿ ಅಂದ್ರು ನಿಮ್ಮಪ್ಪ. ಆಮೇಲೆ ನೆರೆ ಬಂತು. ನೆರೆ ಬಂದದ್ದು ಅನುಕೂಲ ಆಯ್ತು" ಎಂದರು. "ಮಾದನ ಅವ್ವ ಬಂದು ಇದೇ ಜಗುಲಿ ಹತ್ರ ಅತ್ತಳು. ನಾನು ಒಂದು ಸೇರು ಅಕ್ಕಿ ಕೊಟ್ಟು ಕಳಿಸಿದೆ."

"ನಿನಗೆ ಗೊತ್ತಿತ್ತಾ ಅವ್ವ?"

"ಊರಿಗೆಲ್ಲ ಗೊತ್ತಿತ್ತು ಕಣೋ. ಉಳುಮೆ ನಡೀತಿತ್ತು, ಸುಮ್ಮನಿದ್ದರು. ಗೊತ್ತಿಲ್ಲದೆ ಇದ್ದವನು ನೀನೊಬ್ಬನೇ. ನೀನು ಹಾಗೇ ಇದ್ದಿದ್ದರೆ ಚೆನ್ನಾಗಿತ್ತು."

ಎರಡು ದಿನ ಪುಟ್ಟರಾಜು ಹೊರಗೆ ಬರಲಿಲ್ಲ. ಮೂರನೆಯ ದಿನ ಅಂಗಡಿಗೆ ಬಂದು, ಸಮಾರಂಭದಲ್ಲಿ ಎಲ್ಲರ ಮುಂದೆ ನಿಜ ಹೇಳಿಬಿಡುವುದಾಗಿ ನನಗೆ ಹೇಳಿದ. ಬರೆದುಕೊಂಡು ಹೋಗು ಎಂದೆ. ಬೇಡ, ಎದೆಯಿಂದ ಮಾತಾಡುತ್ತೇನೆ ಎಂದ. ಅಲ್ಲೇ ಎಡವಿದ್ದು.

ಸಮಾರಂಭದ ದಿನ ಶಾಮಿಯಾನ ತುಂಬಿತ್ತು. ಪಕ್ಕದಲ್ಲಿ ಅರ್ಧ ಸುಲಿದ ಟ್ರ್ಯಾಕ್ಟರ್, ಅದಕ್ಕೆ ಸೇವಂತಿಗೆ ಹಾರ. ಅಕ್ಷರ ಇದ್ದ ಮಡ್‌ಗಾರ್ಡಿಗೆ ಬ್ಯಾನರ್ ಮುಚ್ಚಿದ್ದರು. ಮಾದ ವೇದಿಕೆಯ ಕೊನೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಪುಟ್ಟರಾಜು ಎದ್ದು ಮೈಕ್ ಹಿಡಿದ.

"ಎಲ್ಲರಿಗೂ ನಮಸ್ಕಾರ. ಈ ಟ್ರ್ಯಾಕ್ಟರ್... ಇದು ಐವತ್ತೇಳರದ್ದು. ಬಣ್ಣ ತಾಮ್ರ... ಅದಲ್ಲ ನಾನು ಹೇಳಬೇಕಾದ್ದು. ಇದು ನಮ್ಮಪ್ಪಂದಲ್ಲ."

ಜನ ಚಪ್ಪಾಳೆ ತಟ್ಟಿದರು.

"ಅಲ್ಲ, ಕೇಳಿ. ಇದು ಸಂಘದ್ದು."

ಇನ್ನೂ ಜೋರು ಚಪ್ಪಾಳೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು "ಎಂಥ ದೊಡ್ಡ ಮನಸ್ಸು!" ಎಂದು ಕಣ್ಣು ಒರೆಸಿಕೊಂಡರು. ಅವರದು ನಡಾವಳಿಯಲ್ಲಿ ಐದನೆಯ ರುಜು.

"ನಮ್ಮಪ್ಪ ಸಂಘದಿಂದ ತಗೊಂಡು..."

"ತಗೊಂಡಿದ್ದಕ್ಕಿಂತ ಕೊಟ್ಟಿದ್ದೇ ಜಾಸ್ತಿ!" ಎಂದು ನಿತೇಶ್ ಕೂಗಿದ. ಶಿಳ್ಳೆ ಬಿತ್ತು.

"ಮಾದನ ತಪ್ಪಿಲ್ಲ!" ಎಂದು ಪುಟ್ಟರಾಜು ಕಿರುಚಿದ. ಆದರೆ ಅಷ್ಟರಲ್ಲಿ ದೀಕ್ಷಿತ್ ಅವನ ಹೆಗಲ ಮೇಲೆ ಕೈ ಹಾಕಿ ಮೈಕ್ ತೆಗೆದುಕೊಂಡಾಗಿತ್ತು. "ನೋಡಿ, ಭಾವುಕರಾಗಿದ್ದಾರೆ. ತಮ್ಮದನ್ನೂ ಸಂಘದ್ದು ಅನ್ನುವ ಸಂಸ್ಕಾರ ಮರುಳಸಿದ್ದಪ್ಪನವರದು. ತಪ್ಪು ಒಪ್ಪು ಯಾರದೂ ಅಲ್ಲ, ಎಲ್ಲ ಕಾಲದ್ದು."

ಆಮೇಲೆ ನಿರೂಪಕರು ನನ್ನ ಅಂಗಡಿಯಲ್ಲಿ ಅಚ್ಚಾದ ಸನ್ಮಾನ ಪತ್ರ ಓದಿದರು: "ಟ್ರ್ಯಾಕ್ಟರ್ ನುಂಗಿದ ಮಾದ ಎಂದೇ ಮನೆಮಾತಾಗಿರುವ ನಮ್ಮೆಲ್ಲರ ಪ್ರೀತಿಯ..." ಸಭೆ ಪ್ರೀತಿಯಿಂದಲೇ ನಕ್ಕಿತು. ಆ ಸಾಲನ್ನು ಹೇಳಿ ಬರೆಸಿದವರು ದೀಕ್ಷಿತ್. ಟೈಪ್ ಮಾಡುವಾಗ ನನಗೆ ಕೈ ತಡೆದಿತ್ತು. ಆದರೂ ಮಾಡಿದೆ.

ಮಾದ ಹೊದಿಸಿದ ಶಾಲನ್ನು ತೆಗೆದ. ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಇಟ್ಟ. ಮೆಟ್ಟಿಲು ಇಳಿದು, ಬೆಳ್ಳಮ್ಮ ಕೂತಿದ್ದ ಕಡೆ ಹೋಗಿ, ಅವಳನ್ನು ಎಬ್ಬಿಸಿಕೊಂಡು ಹೊರಟ. ಅವರಿಗೆ ಬಸ್ಸಿಗೆ ಹೊತ್ತಾಯಿತೆಂದು ನಿರೂಪಕರು ತಿಳಿಸಿದರು.

ಅದೇ ವಾರ ಗಂಡ ಹೆಂಡತಿ ಊರು ಬಿಟ್ಟರು. ಅಮ್ಮತ್ತಿಯ ಹತ್ತಿರ ಎಸ್ಟೇಟಿನ ಲೈನಿನಲ್ಲಿ ಮಗಳು ಪ್ರಿಯಾ ಇದ್ದಾಳೆ, ಅವಳ ಮನೆಗೆ ಹೋದರು. ತಿಂಗಳಿಗೊಮ್ಮೆ ರೇಷನ್ನಿಗೆ ಬೆಳ್ಳಮ್ಮ ಮಾತ್ರ ಬಂದು ಹೋಗುತ್ತಿದ್ದಳು. ಟ್ರ್ಯಾಕ್ಟರ್ ಸಂಘದ ಎದುರು ಕಟ್ಟೆ ಏರಿತು. ದಾನಿಗಳು ದಿವಂಗತ ಮರುಳಸಿದ್ದಪ್ಪನವರು ಎಂದು ಕರಿ ಕಲ್ಲಿನಲ್ಲಿ ಬರೆಸಿದರು. ತಾಮ್ರದ ಬಣ್ಣ ಕುಶಾಲನಗರದಲ್ಲಿ ಸಿಗಲಿಲ್ಲವಂತೆ. ಗೋದಾಮಿನ ಬಾಗಿಲಿಗೆ ತಂದು ಮಿಕ್ಕಿದ್ದ ಹಸಿರು ಇತ್ತು, ಅಡಿಯಿಂದ ಮುಡಿಯವರೆಗೆ ಅದನ್ನೇ ಹೊಡೆಸಿದರು. ಅಕ್ಷರವೂ ಮುಚ್ಚಿತು.

ಪುಟ್ಟರಾಜು ಆ ದಾರಿಯಲ್ಲಿ ಓಡಾಡುವುದನ್ನು ಬಿಟ್ಟ. ಒಂದು ದಿನ ಹಿಂಬಾಗಿಲಿನಿಂದ ನನ್ನ ಅಂಗಡಿಗೆ ಬಂದು ಛಾಪಾ ಕಾಗದ ಇಟ್ಟ. ನನ್ನ ತಂದೆಯವರೇ ಟ್ರ್ಯಾಕ್ಟರ್ ತೆಗೆದುಕೊಂಡದ್ದು, ಮಾದ ನಿರಪರಾಧಿ ಎಂದು ನಾಲ್ಕು ಸಾಲು. ಈ ಸಲ ಅವನ ಮಾತು ಎಲ್ಲೂ ದಾರಿ ತಪ್ಪಲಿಲ್ಲ. ಟೈಪ್ ಮಾಡಿ, ಅವನು ರುಜು ಹಾಕಿದ ಮೇಲೆ ಸಾಕ್ಷಿಗೆ ನಾನೂ ರುಜು ಹಾಕಿದೆ. ಇಬ್ಬರೂ ನನ್ನ ಓಮ್ನಿಯಲ್ಲಿ ಅಮ್ಮತ್ತಿಗೆ ಹೋದೆವು.

ಲೈನ್ ಮನೆಯ ಮುಂದೆ ಮಾದ ಮೆಣಸು ಒಣಗಲು ಹಾಕುತ್ತಿದ್ದ. ಪುಟ್ಟರಾಜು ಕಾಗದ ಕೊಟ್ಟು, "ಮಾದಣ್ಣ, ಇದನ್ನ ಇಟ್ಟುಕೊಳ್ಳಿ. ಯಾರಿಗೆ ಬೇಕಾದರೂ ತೋರಿಸಿ" ಎಂದ. ಅವನು ಮಾದನಿಗೆ ಅಣ್ಣ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾದ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಯಾರಿಗೆ ತೋರಿಸಲಿ ಬುದ್ಧಿ? ತೋರಿಸಬೇಕಾಗಿದ್ದು ನಮ್ಮಪ್ಪನಿಗೆ. ಮಗ ಕಳ್ಳ ಅಂತಾನೇ ನಂಬಿ ಸತ್ತ. ನನ್ನ ಕೈ ನೀರು ಕುಡೀಲಿಲ್ಲ."

ಬೆಳ್ಳಮ್ಮ ಬೆಲ್ಲದ ಕಾಫಿ ತಂದು ಕೊಟ್ಟು, ಗಂಡನ ಕೈಯಿಂದ ಕಾಗದ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ ಒಳಗೆ ಇಟ್ಟು ಬಂದಳು. ಸ್ವಲ್ಪ ಹೊತ್ತು ಎಲ್ಲರೂ ಕಾಫಿ ಕುಡಿದೆವು.

ಆಮೇಲೆ ಮಾದ ಕೇಳಿದ, ಮೆಣಸಿನ ಮೇಲೆ ಕೈಯಾಡಿಸುತ್ತ, ದೊಡ್ಡ ವಿಷಯವೇನಲ್ಲ ಎಂಬ ಹಾಗೆ: "ಗಾಡಿಗೆ ಬಣ್ಣ ಹೊಡೆಸಿದ್ರಂತೆ. ಸರಿಯಾದ ಬಣ್ಣ ಹೊಡೆದಿದ್ದಾರಾ?"

ನಾನು ಲೋಟದೊಳಗೆ ನೋಡಿದೆ. ನಿಜ ಹೇಳಲೆಂದೇ ಇಷ್ಟು ದೂರ ಬಂದಿದ್ದ ಪುಟ್ಟರಾಜು ಹೇಳಿದ:

"ಹೂಂ ಮಾದಣ್ಣ. ಹೊಟ್ಟೆ ತಾಮ್ರ. ರೆಕ್ಕೆ ಬೂದಿ. ನೀವು ಹೇಳಿದ ಹಾಗೇ."

"ಹಂಗಾದ್ರೆ ಸರಿ" ಎಂದು ಮಾದ ತಲೆ ಆಡಿಸಿದ. ಮುಖದಲ್ಲಿ ಏನೋ ಸ್ವಲ್ಪ ಸಡಿಲಾಯಿತು. "ಬಿಸಿಲಿಗೆ ಚೆನ್ನಾಗಿ ಕಾಣ್ತದೆ ಅದು."

ಬೆಳ್ಳಮ್ಮ ನಮ್ಮನ್ನು ಓಮ್ನಿಯವರೆಗೆ ಕಳಿಸಲು ಬಂದಳು. ಪುಟ್ಟರಾಜು ಬಾಗಿಲು ಹಾಕಿಕೊಳ್ಳುವಾಗ ಕಿಟಕಿಯ ಹತ್ತಿರ ಬಗ್ಗಿ, ಗಂಡನಿಗೆ ಕೇಳಿಸದ ಹಾಗೆ ಹೇಳಿದಳು:

"ಹಸಿರು ಅಂತ ನಾನೂ ಹೇಳಿಲ್ಲ ಅಣ್ಣ."